ಕೊಳವೆಯ ಪೆಟ್ಟಿಗೆ

ನನ್ನ ಹೆಂಡತಿ ವಾರದಲ್ಲಿ ಮುಕ್ಕಾಲು ಪಾಲು, ಆಫೀಸಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಸಹೋದ್ಯೋಗಿಯ ಜೊತೆ ಜೀಪಿನಲ್ಲಿ ತಿರುಗುತ್ತಾಳೆ. ಆಫೀಸಿನ ಕೆಲಸಕ್ಕೇ ಹೋಗುವುದು, ನನಗೂ ಗೊತ್ತು. ಗೊತ್ತಿದ್ದರೆ ಹೊಟ್ಟೆಯುರಿ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು?

ನಮ್ಮದು ಅಂತರ್ಜಲದ ವಯಸ್ಸು ಹೇಳುವ ಪ್ರಯೋಗಾಲಯ. ಫ್ರಿಜ್ಜು, ಸ್ಪ್ರೇ ಡಬ್ಬಿ, ಫೋಮು ಅಂತ ಒಂದು ಕಾಲದಲ್ಲಿ ಬಳಸಿದ ಅನಿಲಗಳು ಗಾಳಿಗೆ ಸೇರಿ ವರ್ಷವರ್ಷವೂ ಏರುತ್ತಾ ಹೋದವು. ಮಳೆನೀರು ಆಯಾ ವರ್ಷದ ಗಾಳಿಯಲ್ಲಿದ್ದಷ್ಟನ್ನು ಕರಗಿಸಿಕೊಂಡು ನೆಲಕ್ಕಿಳಿಯಿತು. ಕೊಳವೆಬಾವಿಯ ನೀರಿನಲ್ಲಿ ಅವು ಎಷ್ಟಿವೆ ಎಂದು ಅಳೆದರೆ ಅದು ಯಾವ ಕಾಲದ ಮಳೆ ಎಂದು ಹೇಳಬಹುದು. ಅಳೆಯುವವನು ನಾನು. ಬಾವಿಗೆ ಹೋಗಿ ನೀರು ಹಿಡಿದು ತರುವವರು ಅವಳು ಮತ್ತು ಮೀಸೆ. ಹೊರಗಿನ ಗಾಳಿ ಸೋಕಬಾರದು. ಬಕೆಟ್ಟಿನ ನೀರಿನಲ್ಲಿ ಬಾಟಲಿ ಮುಳುಗಿಸಿ, ನೈಲಾನ್ ಕೊಳವೆಯಿಂದ ತುಂಬಿಸಿ, ನೀರೊಳಗೇ ಮುಚ್ಚಳ ಬಿಗಿಯಬೇಕು.

ವರ್ಷಗಟ್ಟಲೆ ಒಳಗೆ ಬಾಟಲಿ ತೊಳೆದು ಬೇಸತ್ತಿದ್ದವಳಿಗೆ ಈ ಕೆಲಸ ಸಿಕ್ಕಾಗ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಮೀಸೆಯದೇ ಮಾತು. ಮೀಸೆ ಜೀಪಿಗೆ ಹೀಗೆ ಬೈದ, ಪಂಪಿಗೆ ಹಾಗೆ ಕೈಮುಗಿದ. ಹೇಳುತ್ತಾ ತಾನೇ ನಗುತ್ತಾಳೆ. ನನ್ನ ಜೋಕಿಗೆ ಅವಳು ನಕ್ಕು ಎಷ್ಟು ಕಾಲವಾಯಿತು ಎಂದು ಅಳೆಯುವ ಯಂತ್ರ ನಮ್ಮಲ್ಲಿ ಇಲ್ಲ.

ಸಾಲದ್ದಕ್ಕೆ, ಕೊಳವೆ ಸುತ್ತಿಡಲು ಅವನು ಅವಳಿಗೊಂದು ಕ್ಯಾನ್ವಾಸ್ ಚೀಲ ಹೊಲಿಸಿಕೊಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು. ಚೀಲವಂತೆ ಚೀಲ. ನೇರ ಗುಜರಿ ಅಂಗಡಿಗೆ ಹೋಗಿ ಹಲಗೆ, ಗಟ್ಟಿ ಫೋಮು ತಂದೆ. ಕೊಳವೆ ಸುತ್ತಿ ಕೂರುವಂತೆ ಫೋಮನ್ನು ದುಂಡಗೆ ಕೊರೆದು, ಹಿತ್ತಾಳೆಯ ಚಿಲಕವಿಟ್ಟು ಪೆಟ್ಟಿಗೆ ಮಾಡಿಕೊಟ್ಟೆ. ಅವಳು ಚಿಲಕವನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ ನೋಡಿದಳು. "ಇನ್ಮೇಲೆ ಇದೇ," ಅಂದಳು. ಅಂದು ಊಟ ರುಚಿಸಿತು.

ಆಮೇಲೆ ಅವರು ತಂದ ನೀರೆಲ್ಲ ಕೆಡತೊಡಗಿತು. ಯಾವ ವರ್ಷದ ಗಾಳಿಯಲ್ಲೂ ಇರಲಾರದಷ್ಟು ಅನಿಲ. ಅಂಥ ನೀರಿಗೆ ವಯಸ್ಸು ಹೇಳಿದರೆ ಅದು ಇನ್ನೂ ಹುಟ್ಟೇ ಇಲ್ಲ ಎನ್ನಬೇಕಾಗುತ್ತದೆ.

ನಮ್ಮ ಮೇಲಧಿಕಾರಿ ಮೇಡಂ ನನ್ನನ್ನು ಕರೆದರು. "ಇನ್ನೊಂದ್ ಸಲ ಹೀಗಾದ್ರೆ ಜೋಡಿ ಬದಲಾಯಿಸ್ತೀನಿ. ನಿಮ್ಮನೆಯವರು ವಾಪಸ್ ಬಾಟಲಿ ತೊಳೀಲಿ."

ಗಂಡನಾದವನು ಮರುಗಬೇಕಿತ್ತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. "ಮೀಸೆ ಸೆಂಟು ಹಾಕ್ಕೊಂಡ್ ಬರ್ತಾನೆ ಮೇಡಂ, ಅದೇ ಇರ್ಬೇಕು," ಎಂದು ಒಗ್ಗರಣೆಯನ್ನೂ ಹಾಕಿ ಬಂದೆ.

ಮುಂದಿನ ಬಾಟಲಿಯೂ ಕೆಟ್ಟಿತ್ತು. ವರದಿ ಕೈಯಲ್ಲಿ ಹಿಡಿದು ಏಳುವಷ್ಟರಲ್ಲಿ ಅವಳು ಒಳಗೆ ಬಂದಳು, ಪೆಟ್ಟಿಗೆಯ ಸಮೇತ.

"ಎಲ್ಲಾ ಗ್ಯಾಸೂ ಜಾಸ್ತಿನಾ?"

"ಒಂದೇ."

"ಯಾವುದು? ಫೋಮು ಉಬ್ಬಿಸೋಕೆ ಹಾಕ್ತಿದ್ರಲ್ಲ, ಅದಾ?"

ಹೂಂ ಅಂದೆ. ಅವಳು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. "ಈ ಫೋಮು ಯಾವುದರದ್ದು?"

"ಗುಜರೀದು."

"ಗುಜರಿಗೆ ಬರೋ ಮುಂಚೆ?"

"ಹಳೇ ಫ್ರಿಜ್ಜಿನ ಬಾಗಿಲಿಂದು," ಅಂದೆ. ಹೇಳುತ್ತಿದ್ದಂತೆ ಕೈಯಲ್ಲಿದ್ದ ವರದಿಯನ್ನು ಮಗುಚಿಟ್ಟೆ. ಹಳೆಯ ಫೋಮು ಇವತ್ತಿಗೂ ಆ ಅನಿಲವನ್ನು ಬಿಡುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗೆ ಕೊಳವೆ ಅದನ್ನು ಹೀರಿಕೊಂಡು, ಬಾವಿಯ ಬಳಿ ನೀರಿಗೆ ಬಿಟ್ಟಿದೆ. ದಿನವಿಡೀ ಅದೇ ಅನಿಲವನ್ನು ಅಳೆಯುವ ನನಗೆ, ಮೀಸೆಯ ಚೀಲವನ್ನು ಮೀರಿಸುವ ಭರದಲ್ಲಿ, ಅದು ಹೊಳೆಯಲೇ ಇಲ್ಲ.

"ಮೀಸೆ ಮೊದಲ್ನೇ ದಿನಾನೇ ಹೇಳಿದ್ರು, ಈ ಪೆಟ್ಟಿಗೆ ಬೇಡ, ಯಾಕೋ ಅನುಮಾನ ಅಂತ," ಅಂದಳು. "ನಾನೇ ಜಗಳ ಆಡ್ದೆ. ಗ್ಯಾಸಿನ ವಿಷಯದಲ್ಲಿ ನಮ್ಮನೆಯವರು ತಪ್ಪು ಮಾಡಲ್ಲ ಅಂದೆ."

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಮೇಡಂ ಮುಂದೆ ಹೋಗಿ ನಿಂತು ಪೆಟ್ಟಿಗೆಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮತ್ತೆ ಆ ಸೆಂಟು?"

"ಅವನು ಸೆಂಟೇ ಹಾಕಲ್ಲ ಮೇಡಂ."

ಪೆಟ್ಟಿಗೆ ಪ್ರಯೋಗಾಲಯದ ಹೊಸ್ತಿಲು ತುಳಿಯಬಾರದೆಂದು ಅಪ್ಪಣೆಯಾಯಿತು. ಅವಳ ಕೆಲಸ ಉಳಿಯಿತು. ಪೆಟ್ಟಿಗೆಯನ್ನು ಅವಳು ಎಸೆಯಲಿಲ್ಲ. ಮನೆಯಲ್ಲಿ ಅದರೊಳಗೆ ಕಾಲುಚೀಲ ತುಂಬಿಟ್ಟಿದ್ದಾಳೆ.

ಇವತ್ತು ಬೆಳಿಗ್ಗೆ ಹೊಸ ಕೊಳವೆ ತೆಗೆದುಕೊಂಡು ಹೊರಟಳು. ಹೆಗಲಿಗೆ ಮೀಸೆಯ ಚೀಲ. ಹೊರಗೆ ಅವನ ಹಾರ್ನು. ನನ್ನ ಹೊಟ್ಟೆ ಎಂದಿನಂತೆಯೇ ಉರಿಯಿತು, ಸುಳ್ಳೇಕೆ ಹೇಳಲಿ. ಚೀಲದ ದಾರ ಸಡಿಲವಾಗಿತ್ತು.

"ನಿಲ್ಲು," ಎಂದು ನಾನೇ ಅದಕ್ಕೆ ಗಂಟು ಹಾಕಿ, ಜಗ್ಗಿ ನೋಡಿ ಕಳಿಸಿದೆ.