ಗೀರಿನ ಕೆಳಗಿನ ಮಚ್ಚೆ

ಪಾರ್ಸಿನಿ ಬೆನ್ನು ಗೀರಿದರೆ ಮೈಗೆ ಹೊಕ್ಕ ಗಾಳಿ ಊರು ಬಿಟ್ಟು ಓಡುತ್ತದೆ ಎಂದು ಕ್ಲಾಟೆನ್ ಪಟ್ಟಣದ ಆ ಓಣಿಯವರೆಲ್ಲ ನಂಬಿದ್ದರು. ಜ್ವರವೋ, ಮೈಕೈ ನೋವೋ, ಹೊಟ್ಟೆಯುಬ್ಬರವೋ, ಏನೇ ಇರಲಿ, ಮೊದಲು ಅವಳ ಜಗಲಿ, ಆಮೇಲೆ ಡಾಕ್ಟರು. ಎಣ್ಣೆ ಸವರಿ ಹಳೇ ಕಾಸಿನ ಅಂಚಿನಿಂದ ಬೆನ್ನುದ್ದಕ್ಕೂ ಗೀರುತ್ತಿದ್ದಳು. ಗೀರು ಎಷ್ಟು ಕೆಂಪಾದರೆ ಅಷ್ಟು ಗಾಳಿ ಹೊರಬಿದ್ದಂತೆ. ಹೊಗಳಿಕೆ ಕೇಳಿ ಕೇಳಿ ಅವಳಿಗೂ ತುಸು ಕೋಡು ಮೂಡಿತ್ತು, ಸುಳ್ಳೇಕೆ?

ತಂಗಿ ರುಬಿಯಾ ಸುಸ್ತು ಎಂದು ಬಂದು ಕೂತ ದಿನ, ಕಾಸು ಊರುವ ಮೊದಲೇ ಪಾರ್ಸಿನಿ ಅವಳ ಕತ್ತಿನ ಹಿಂದೆ ಹುಣಸೆಬೀಜದಷ್ಟು ನೇರಳೆ ಮಚ್ಚೆಯೊಂದನ್ನು ನೋಡಿದ್ದಳು. ಎಲ್ಲಿ ತಗುಲಿಸಿಕೊಂಡೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅದರ ಮೇಲೆಯೇ ಗೀರಿದಳು. ವಾರಕ್ಕೆರಡು ಸಲ, ಎರಡು ತಿಂಗಳು. ಗೀರಿನ ಕೆಂಪು ನಾಲ್ಕು ದಿನಕ್ಕೆ ಮಾಸುತ್ತದೆ. ಇದು ಮಾಸಲಿಲ್ಲ, ಬೆಳೆಯಿತು. ಮೂವತ್ತು ವರ್ಷ ಬೆನ್ನುಗಳನ್ನೇ ನೋಡಿದವಳಿಗೆ ಅದು ತಿಳಿಯದ್ದೇನಲ್ಲ.

"ಹಳೇ ಗಾಳಿ ಕಣೇ, ಬೇರು ಬಿಟ್ಟಿದೆ" ಎಂದು ಇನ್ನಷ್ಟು ಒತ್ತಿ ಗೀರಿದಳು.

"ನಿಧಾನ ಕಣಕ್ಕ! ತುರಿಯೋಕೆ ನಾನೇನು ತೆಂಗಿನಕಾಯಾ?" ಎಂದು ರುಬಿಯಾ ನಗುತ್ತಿದ್ದಳು.

ಮಚ್ಚೆ ಅಂಗೈಯಗಲವಾದಾಗ ಅಕ್ಕತಂಗಿಯರು ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ಡಾಕ್ಟರು ಹಪ್ಸರಿ, ಮಗಳ ವಯಸ್ಸಿನ ಹುಡುಗಿ. ಕತ್ತಿನಿಂದ ಸೊಂಟದವರೆಗೆ ಹುಲಿಪಟ್ಟೆಯಂಥ ಗೀರುಗಳನ್ನು ಕಂಡು, "ಅಯ್ಯೋ, ಹೀಗೆ ಗೀರಿದ್ರೆ ರಕ್ತ ಹೆಪ್ಪುಗಟ್ಟದೆ ಇರುತ್ತಾ? ಒಂದು ತಿಂಗಳು ನಿಲ್ಸಿ, ತಾನಾಗೇ ಹೋಗುತ್ತೆ" ಎಂದು ಮುಲಾಮು ಬರೆದುಕೊಟ್ಟಳು. ಪಾರ್ಸಿನಿ ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬರೀ ಗೀರಿನ ಗುರುತು ಎಂದು ಡಾಕ್ಟರೇ ಹೇಳಿದ್ದು ಕೇಳಿ ಅವಳ ಜೀವಕ್ಕೆ ಹಾಯೆನಿಸಿತ್ತು.

ತಿಂಗಳು ತುಂಬುವ ಮೊದಲೇ ಮಚ್ಚೆ ಒಡೆದು ರಕ್ತ ಸೋರಿತು. ಜೋಗ್ಜಾ ನಗರದ ದೊಡ್ಡಾಸ್ಪತ್ರೆಯಲ್ಲಿ ಕತ್ತರಿಸಿ ನೋಡಿದ ಮೊದಲ ಚೂರಿನಲ್ಲಿ ಏನೂ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ರಕ್ತನಾಳದ ಕ್ಯಾನ್ಸರ್. ಹತ್ತು ಲಕ್ಷದಲ್ಲಿ ಯಾರೋ ಒಬ್ಬಿಬ್ಬರಿಗೆ ಬರುವಂಥದ್ದು, ನೋಡುವುದಕ್ಕೆ ಪೆಟ್ಟು ಬಿದ್ದ ಗುರುತಿನ ಹಾಗೇ ಇರುತ್ತದಂತೆ. ಅಷ್ಟರಲ್ಲಿ ಅದು ಶ್ವಾಸಕೋಶಕ್ಕೆ ಹಬ್ಬಿತ್ತು. ಆರು ವಾರಕ್ಕೆ ರುಬಿಯಾ ಹೋಗಿಬಿಟ್ಟಳು.

ಏಳನೇ ದಿನದ ಪ್ರಾರ್ಥನೆ ಮುಗಿದು ಎಲ್ಲರಿಗೂ ಅಪೆಮ್ ಎಂಬ ಅಕ್ಕಿಹಿಟ್ಟಿನ ಸಿಹಿ ಅಪ್ಪ ಹಂಚುತ್ತಿದ್ದಾಗ ಹಪ್ಸರಿ ಒಬ್ಬಳೇ ಬಂದಳು. ಚಾಪೆಯ ಮೇಲಿದ್ದ ಹೆಂಗಸರು ಮುಖ ತಿರುಗಿಸಿದರು.

"ಈಗ ಬಂದ್ಲು ನೋಡ್ರೇ, ಮುಲಾಮಿನ ಡಾಕ್ಟ್ರಮ್ಮ!" ಎಂದು ಪಕ್ಕದ ಮನೆಯ ದಾರ್ಮಿ ಅವಳಿಗೆ ಕೇಳಲೆಂದೇ ಅಂದಳು.

ಹುಡುಗಿ ಪಾರ್ಸಿನಿಯ ಮುಂದೆ ಮಂಡಿಯೂರಿ ಕೂತಳು. ಅತ್ತು ಕಣ್ಣು ಬಾತಿದ್ದವು. "ನನ್ನ ಕಣ್ಣೆದುರಿಗೇ ಇತ್ತಮ್ಮ, ನನಗೆ ಗೊತ್ತಾಗ್ಲಿಲ್ಲ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ಒಂದೇ ಒಂದು ಹೇಳಿ. ಆ ಮಚ್ಚೆ ಗೀರೋಕೆ ಮುಂಚೇನೇ ಇತ್ತಾ? ಇದ್ದಿದ್ರೆ, ಇನ್ಮೇಲೆ ಬರೋರಿಗೆಲ್ಲ ಅದನ್ನೇ ಮೊದಲು ಕೇಳ್ತೀನಿ."

ಪಾರ್ಸಿನಿಗೆ ಗೊತ್ತಿತ್ತು. ಇತ್ತು ಎನ್ನಬೇಕು, ಎರಡಕ್ಷರ. ಆದರೆ ಹಾಗೆ ಅಂದುಬಿಟ್ಟರೆ, ತಂಗಿಯನ್ನು ಕೈಯಾರೆ ಕಳೆದುಕೊಂಡವಳು ಯಾರೆಂದು ಓಣಿಗೆಲ್ಲ ತಿಳಿಯುತ್ತದೆ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಇರಲಿಲ್ಲ ಮಗಳೇ" ಎಂದಳು. "ನಾನು ಕ್ಷಮಿಸಿದೀನಿ, ಹೋಗು."

"ಎಂಥಾ ದೊಡ್ಡ ಮನಸ್ಸು!" ಎಂದು ದಾರ್ಮಿ ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು.

ಹಪ್ಸರಿ ಎದ್ದಳು. ಬಾಗಿಲಲ್ಲಿ ನಿಂತು, "ಮುಂಚೆ ಇರಲಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, ಚೀಲದಿಂದ ಪುಸ್ತಕ ತೆಗೆದು ಅದನ್ನು ಹಾಗೆಯೇ ಬರೆದುಕೊಂಡಳು.