ಮೊಂಟಾನಾದಲ್ಲಿ ತಯಾರಾದದ್ದು

ಕಾರು ನಿಲ್ಲಿಸಿದ ಮೇಲೂ ಮಾರಿಟ್ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. ತಮ್ಮ ಓರಿನ್‌ನ ವರ್ಕ್‌ಶಾಪಿನ ಮುಂದೆ ಆಗಲೇ ಜನ ಸೇರಿದ್ದರು. ಬೇಟೆಯ ಕಾಲ ಹತ್ತಿರವಾಗಿತ್ತು, ಅವನು ಮಾಡಿದ ಬಂದೂಕುಗಳ ಮಾರಾಟ ಅಂದೇ ಶುರುವಾಗಲಿತ್ತು. ಪಿಕಪ್ ಟ್ರಕ್ಕುಗಳಿಗೆ ಒರಗಿ ಕಾಫಿ ಹೀರುತ್ತಿದ್ದವರು ಅವಳನ್ನು ಕಂಡು ಟೋಪಿ ಎತ್ತಿದರು. ರಾಜ್ಯದ ರಾಜಧಾನಿ ಹೆಲೆನಾದ ಶಾಸನಸಭೆಯಲ್ಲಿ ಈ ಕಣಿವೆಯ ಪ್ರತಿನಿಧಿ ಅವಳೇ. ಮೊಂಟಾನಾದಲ್ಲೇ ತಯಾರಾಗಿ ಮೊಂಟಾನಾದಲ್ಲೇ ಉಳಿಯುವ ಬಂದೂಕಿನ ಗೊಡವೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರಕ್ಕೆ ಬೇಡ ಎಂಬ ಕಾಯ್ದೆ ಬಂದಾಗ ಅದರ ಪರ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು.

ಇವತ್ತು ಹೇಳಲು ಬಂದದ್ದನ್ನೇ ಬೇಸಿಗೆಯಲ್ಲೊಮ್ಮೆ ತಮ್ಮನಿಗೆ ಹೇಳಬೇಕೆಂದು ಬಂದವಳು, ಅಮ್ಮನ ಮಂಡಿನೋವಿನ ಮಾತಾಡಿ ಹಿಂತಿರುಗಿದ್ದಳು. ಅಂದಿನಿಂದ ನಿದ್ದೆ ಸರಿಯಿರಲಿಲ್ಲ.

ಒಳಗೆ ಓರಿನ್ ಎಣ್ಣೆಬಟ್ಟೆಯಿಂದ ಬಂದೂಕಿನ ನಳಿಕೆ ಒರೆಸುತ್ತಿದ್ದ. ಅವನು ಕೆಲಸಕ್ಕಿದ್ದ ಮರ ಕೊಯ್ಯುವ ಮಿಲ್ಲು ಮುಚ್ಚಿದ ಮೇಲೆ ಆ ಮುಖದಲ್ಲಿ ಇಷ್ಟು ಗೆಲುವನ್ನು ಅವಳು ಕಂಡಿರಲಿಲ್ಲ. ಉಕ್ಕಿನ ಮೇಲೆ ರಾಜ್ಯದ ಹೆಸರನ್ನು ಅಂದವಾಗಿ ಕೊರೆದಿದ್ದ.

"ಇವತ್ತು ಮಾರಬೇಡ ಕಣೋ," ಎಂದಳು.

"ಯಾಕೆ? ನಿನ್ನ ಕಾಯ್ದೆ ಇದೆಯಲ್ಲ."

ಅವಳು ನಿಂತಲ್ಲಿ ನಿಲ್ಲದೆ ಬಾಗಿಲಿಗೂ ಮೇಜಿಗೂ ಓಡಾಡುತ್ತ ಹೇಳಿದಳು. ಕೇಂದ್ರದ ಅಧಿಕಾರಿಗಳು ಹಳೆಯ ಕಾನೂನೇ ನಡೆಯುತ್ತದೆ ಎಂದು ಬಂದೂಕಿನಂಗಡಿಯವರಿಗೆಲ್ಲ ತಿಳಿಸಿದ್ದಾರೆ; ಅವರ ಲೈಸೆನ್ಸಿಲ್ಲದೆ ಬಂದೂಕು ಮಾಡಿ ಮಾರಿದರೆ ಜೈಲು; ಆಗ ರಾಜ್ಯದ ಕಾಯ್ದೆ ಅವನನ್ನು ಉಳಿಸಲಾರದು.

"ಹಾಗಾದ್ರೆ ಅದನ್ನ ಮಾಡಿದ್ದು ಯಾಕೆ?"

"ವಾಷಿಂಗ್ಟನ್ನವರಿಗೆ ಮುಟ್ಟೋ ಹಾಗೆ ಒಂದು ಮಾತು ಹೇಳೋಕೆ. ಅದನ್ನ ನಂಬಿ ಯಾರಾದ್ರೂ ಅಂಗಡಿ ಇಡ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಓರಿನ್ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ರೇಡಿಯೋದಲ್ಲಿ ನಿನ್ನ ಭಾಷಣ ಕೇಳಿದ ವಾರವೇ ನಾನು ನಳಿಕೆ ಕೊರೆಯೋ ಲೇತ್ ತಂದಿದ್ದು. ಕೋರ್ಟಲ್ಲಿ ಇದು ನಿಲ್ಲಲ್ಲ ಅಂತ ಕೈ ಎತ್ತುವಾಗ್ಲೇ ಗೊತ್ತಿತ್ತಾ, ಅಕ್ಕ?"

ಇಲ್ಲ ಎನ್ನಬಹುದಿತ್ತು. ಅವನು ನಂಬುತ್ತಲೂ ಇದ್ದ.

"ಗೊತ್ತಿತ್ತು," ಎಂದಳು. "ನಮ್ಮ ವಕೀಲರು ಹೇಳಿದ್ರು."

ಬೈಯುತ್ತಾನೆಂದು ಕಾದಳು, ಬೈದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು. ಅವನು ಬಂದೂಕನ್ನು ಗೋಡೆಯ ಕೊಕ್ಕೆಗೆ ತೂಗುಹಾಕಿ ಹೊರಗೆ ನಡೆದ. ಅವಳೂ ಹಿಂದೆಯೇ ಹೋದಳು.

ನಳಿಕೆ ಕೊರೆಯುವಾಗ ಎಲ್ಲೋ ಎಡವಟ್ಟಾಗಿದೆ, ತಪ್ಪು ತನ್ನದೇ, ಸದ್ಯಕ್ಕೆ ಒಂದನ್ನೂ ಮಾರುವುದಿಲ್ಲ ಎಂದು ಓರಿನ್ ಜನಕ್ಕೆ ಹೇಳಿದ. ಕೆಲವರು ಗೊಣಗಿದರು. ನಿನ್ನ ಕೈಗೆ ಗರಗಸವೇ ಸರಿ ಅಂದನೊಬ್ಬ, ಉಳಿದವರು ನಕ್ಕರು. ಓರಿನ್ ಕೂಡ ನಕ್ಕ. ಮಾರಿಟ್ ಬಾಯಿ ತೆರೆದಳು. ಮಾತು ಹೊರಡುವಷ್ಟರಲ್ಲಿ ಮುದುಕ ಎಮೆಟ್ ಸ್ಕಾರ್ ಜನರನ್ನು ಸರಿಸಿಕೊಂಡು ಅವಳೆದುರು ಬಂದು ನಿಂತಿದ್ದ.

"ಅವನು ಇವತ್ತಲ್ಲದಿದ್ರೆ ನಾಳೆ ಮಾಡ್ಕೊಡ್ತಾನೆ, ಬಿಡಮ್ಮ," ಎಂದ. "ನಮ್ಮ ಪರವಾಗಿ ಅಲ್ಲಿ ನಿಂತು ಮಾತಾಡಿದೋಳು ನೀನೊಬ್ಬಳೇ. ನಮ್ಮವಳು ಬೆಳಿಗ್ಗೆ ಮಾಡಿದ್ದು, ತಗೋ." ಕಾಡುಹಣ್ಣಿನ ಜಾಮಿನ ಬಾಟಲಿಯೊಂದನ್ನು ಅವಳ ಕೈಗಿಟ್ಟ.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಎಲ್ಲರೂ ಲೋಟ ಕೆಳಗಿಟ್ಟು ಸೇರಿಕೊಂಡರು. ಮಾರಿಟ್ ತಿರುಗಿ ನೋಡಿದಳು. ಓರಿನ್ ಷಟರನ್ನು ಅರ್ಧಕ್ಕೆ ಎಳೆದು, ತಲೆ ತಗ್ಗಿಸಿ ಅದರಡಿ ನುಸುಳಿ ಒಳಗೆ ಹೋಗುತ್ತಿದ್ದ.

ಬಾಟಲಿ ಇನ್ನೂ ಬೆಚ್ಚಗಿತ್ತು. ಎಲ್ಲಿಡುವುದೆಂದು ತಿಳಿಯದೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು.