ಲೋಬಾನ ಕಟ್ಟುವ ಅಕ್ಕಸಾಲಿ

ತುಫೂಲ್ ನಡೆಯುವಾಗ ಎದುರಿಗೆ ನೋಡುವುದಿಲ್ಲ. ಕತ್ತು ಬಗ್ಗಿಸಿ, ಬಲಭುಜವನ್ನು ತುಸು ಮುಂದೆ ಚಾಚಿ, ಏನನ್ನೋ ಕಳೆದುಕೊಂಡವಳಂತೆ ನೆಲವನ್ನೇ ಓದುತ್ತ ನಡೆಯುತ್ತಾಳೆ. ದಾರಿಯಲ್ಲಿ ಯಾರಾದರೂ ಸಲಾಮು ಹೇಳಿದರೆ ಅವರ ಪಾದಗಳಿಗೆ ಉತ್ತರ ಕೊಡುತ್ತಾಳೆ. ನಮ್ಮ ಊರು ಮಿರ್ಬಾತಿನ ಕಡಲದಂಡೆಯಲ್ಲಿ ಮೀನು ಒಣಹಾಕುವ ಹೆಂಗಸರು "ಉಂಗುರ ಸಿಕ್ತೇನೇ ತುಫೂಲ್?" ಎಂದು ಕೇಳುವುದು ಎಷ್ಟು ಹಳೆಯ ರೂಢಿಯೋ, ಅವಳು ತಲೆಯೆತ್ತದೆ "ಸಿಕ್ಕಿದ್ರೆ ನಿಂಗ್ಯಾಕೆ ಹೇಳ್ಲಿ" ಎನ್ನುವುದೂ ಅಷ್ಟೇ ಹಳೆಯ ರೂಢಿ. ನಮ್ಮ ಕಡೆಯ ಹೆಂಗಸರ ಮಖಮಲ್ಲಿನ ನಿಲುವಂಗಿ ಮುಂದೆ ಮೊಣಕಾಲಿನ ಕೆಳಗೆ ನಿಂತು ಹಿಂದೆ ನೆಲದ ಮೇಲೆ ಎಳೆಯುತ್ತದೆ. ತುಫೂಲಳ ಅಂಚು ಮರಳು, ಪಾಚಿ, ಒಡೆದ ಚಿಪ್ಪುಗಳನ್ನು ಗುಡಿಸಿಕೊಂಡೇ ಮನೆ ಸೇರುತ್ತದೆ. ಅದರ ಮೇಲೆ, ಮೇ ತಿಂಗಳ ಬೇಗೆಯಲ್ಲೂ, ತೀರಿಹೋದ ತಂದೆಯ ಕಂದು ಉಣ್ಣೆಯ ಕೋಟು. ಅದರ ಬಲಜೇಬು ಸಮುದ್ರದ ವಸ್ತುಗಳಿಗೆ, ಎಡಜೇಬು ಬೆಟ್ಟದ ವಸ್ತುಗಳಿಗೆ. ಎರಡನ್ನೂ ಬೆರೆಸುವವರನ್ನು ಅವಳು ನಂಬುವುದಿಲ್ಲ.

ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ರಸಾಯನಶಾಸ್ತ್ರದಲ್ಲಿ ಸಾಧಾರಣ, ಯಾವ ಪದಾರ್ಥ ಕೊಟ್ಟರೂ ಮೊದಲು ಮೂಗಿಗೆ ಹಿಡಿಯುವ ದುರಭ್ಯಾಸ ಬೇರೆ. ಎಷ್ಟು ಗದರಿಸಿದರೂ ಅದು ಹೋಗಲಿಲ್ಲ. ಸೀಮೆಸುಣ್ಣವನ್ನೂ ಮೂಸಿ ನೋಡಿಯೇ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಟೀಚರನ್ನು ಇಲ್ಲಿ ಕರೆಯುವಂತೆ ಅವಳು ನನ್ನನ್ನು ಅಬ್ಲಾ ಎಂದು ಕರೆಯುತ್ತಿದ್ದಳು, ಈಗಲೂ ಹಾಗೆಯೇ ಕರೆಯುತ್ತಾಳೆ.

ಅವಳು ಶಾಲೆಯಲ್ಲಿದ್ದಾಗಲೇ ತಾಯಿ ತೀರಿಕೊಂಡಳು. ನಮ್ಮ ಊರಿನಲ್ಲಿ ಹೆಂಗಸಿನ ಬೆಳ್ಳಿ ಅವಳೊಡನೆಯೇ ಮುಗಿಯಬೇಕು. ಸತ್ತವಳ ಒಡವೆಯನ್ನು ಇನ್ನೊಬ್ಬಳು ತೊಡುವುದಿಲ್ಲ. ಮನೆಯವರು ಅದನ್ನು ಅಕ್ಕಸಾಲಿಯ ಬಳಿ ಒಯ್ದು ಕರಗಿಸುತ್ತಾರೆ, ಆ ಬೆಳ್ಳಿಯಲ್ಲಿ ಮನೆಯ ಇನ್ನೊಂದು ಹುಡುಗಿಗೆ ಹೊಸ ಒಡವೆಯಾಗುತ್ತದೆ, ಇಲ್ಲವೇ ಅದು ಮಾರಾಟವಾಗಿ ಬೇರೆ ಮನೆ ಸೇರುತ್ತದೆ. ಹೀಗಾಗಿ ಇಲ್ಲಿ ಅಜ್ಜಿಯ ಕಡಗ, ಮುತ್ತಜ್ಜಿಯ ಸರ ಎಂಬ ಮಾತೇ ಇಲ್ಲ. ತಾಯಿಯ ಕಡಗಗಳನ್ನು ತಂದೆ ಬಂದರಿನ ಪಕ್ಕದ ಮುದುಕ ಅಕ್ಕಸಾಲಿ ಸುವೈಲಮನ ಬಳಿ ಕರಗಿಸಿದಾಗ ತುಫೂಲ್ ತಂದೆಯ ಜೊತೆ ಹೋಗಿದ್ದಳಂತೆ. ಆ ಬೆಳ್ಳಿ ಯಾರದೋ ಮದುವೆಯಲ್ಲಿ ಕಾಲಂದುಗೆಯಾಯಿತು ಎಂದು ಮಾತ್ರ ಅವಳಿಗೆ ತಿಳಿಯಿತು, ಯಾರದೆಂದು ತಿಳಿಯಲಿಲ್ಲ. ಆಮೇಲೆ ಬಹಳ ವರ್ಷ ಮದುವೆಗಳಲ್ಲಿ ಅವಳು ಮದುಮಗಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಬೇರೆ ಯಾರದೋ ವಿಷಯ ಹೇಳುವವಳಂತೆ.

ಶಾಲೆ ಮುಗಿಸಿದವಳು ನೇರವಾಗಿ ಸುವೈಲಮನ ಅಂಗಡಿಗೆ ಹೋಗಿ ಕೂತಳು. ಅವನ ಗಂಡುಮಕ್ಕಳಿಗೆ ಕಸುಬು ಬೇಡವಾಗಿತ್ತು. ಹತ್ತಿರದ ಪಟ್ಟಣ ಸಲಾಲದ ಪೇಟೆಯಲ್ಲಿ ಚಿನ್ನದಂಗಡಿಗಳು ಸಾಲುಹಿಡಿದು ನಿಂತಿದ್ದವು, ಬೆಳ್ಳಿ ಕೇಳುವವರು ಕಡಿಮೆಯಾಗಿದ್ದರು. ಮುದುಕ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡು ಹೇಳಿದನಂತೆ: "ಹೆಣ್ಣು ಬೆಂಕಿ ಮುಂದೆ ಕೂತ್ರೆ ಜನ ಅಡುಗೆ ಅಂದ್ಕೋತಾರೆ. ಯಾರಾದ್ರೂ ಕೇಳಿದ್ರೆ ಅಡುಗೆ ಮಾಡ್ತಿದಾಳೆ ಅಂತಲೇ ಹೇಳ್ತೀನಿ. ಕೂತ್ಕೋ." ತಂತಿ ಎಳೆಯುವುದು, ಸಾಸಿವೆಯಷ್ಟು ಸಣ್ಣ ಗುಂಡು ಕೂರಿಸುವುದು, ತಿದಿ ಒತ್ತುವುದು, ಎಲ್ಲವನ್ನೂ ಅಲ್ಲಿ ಕಲಿತಳು. ಸತ್ತವರ ಬೆಳ್ಳಿಯನ್ನು ಕರಗಿಸುವುದನ್ನೂ ಕಲಿತಳು. "ಮೂಸೆಯಲ್ಲಿ ಎಲ್ರೂ ಒಂದೇ ಥರ ಹೊಳೀತಾರೆ ಅಬ್ಲಾ, ಯಾರದ್ದೂ ಗುರುತು ಸಿಗಲ್ಲ" ಎಂದು ಒಮ್ಮೆ ಹೇಳಿದ್ದಳು.

ಬೆಂಕಿಗೆ ಸಿಗದ ಒಡವೆಯೊಂದು ಬೇಕೆಂಬ ಹಟ ಅವಳಿಗೆ ಹತ್ತಿದ್ದು ಅಲ್ಲಿಯೇ ಇರಬೇಕು. ಮುದುಕ ಕಣ್ಣು ಮುಚ್ಚಿದ ಮೇಲೆ ತಿದಿ, ಇಕ್ಕುಳಗಳ ಸಮೇತ ಅಂಗಡಿ ಅವಳ ಪಾಲಿಗೆ ಬಂತು. ಅವಳು ಬೆಳ್ಳಿಯನ್ನು ಹಿಂದಕ್ಕೆ ಸರಿಸಿ ದಂಡೆಯನ್ನೂ ಬೆಟ್ಟವನ್ನೂ ಒಳಗೆ ತಂದಳು. ಬಂಡೆಗೆ ಅಂಟಿ ಬದುಕುವ ಕಿವಿಯಾಕಾರದ ಚಿಪ್ಪು, ಚಳಿಗಾಲದ ಆರಂಭದಲ್ಲಿ ಗಂಡಸರು ಅದನ್ನು ಮುಳುಗಿ ಕೀಳುತ್ತಾರೆ. ಮಾಂಸ ದೂರದೇಶಕ್ಕೆ ಹೋಗುತ್ತದೆ, ಒಳಗೆ ನವಿಲುಬಣ್ಣ ತುಂಬಿದ ಚಿಪ್ಪು ತಿಪ್ಪೆಗೆ ಬೀಳುತ್ತದೆ. ಅದನ್ನು ಆಯ್ದಳು. ಬೆಟ್ಟದ ಕಾಡು ಆಲಿವಿನ ಕಟ್ಟಿಗೆ ತಂದಳು. ಎಲ್ಲಕ್ಕಿಂತ ಹೆಚ್ಚಾಗಿ ಲೋಬಾನ, ಕೆಂಡಕ್ಕೆ ಹಾಕಿ ಹೊಗೆಯಾಡಿಸುವ ಪರಿಮಳದ ಅಂಟು. ಬೆಟ್ಟದಾಚೆಯ ಒಣಕಣಿವೆಗೆ ತಾನೇ ಹೋಗಿ, ಮರದ ತೊಗಟೆ ಕೆರೆದು, ಒಸರಿದ ಹಾಲು ಗಟ್ಟಿಯಾಗುವವರೆಗೆ ತಾಯಿಯ ಅಣ್ಣನ ಡೇರೆಯಲ್ಲಿ ಕಾಯುತ್ತಿದ್ದಳು. ತಿಳಿಹಸಿರು ಹೊಳೆಯುವ ಹನಿ ಮಾತ್ರ ಬೇಕು. ಅದನ್ನು ಕೊರೆಯಬಾರದು, ಉಜ್ಜಬಾರದು, ಶಾಖ ತಾಗಿಸಬಾರದು. ಒಂದೊಂದು ಹನಿಯ ಅಂಕುಡೊಂಕಿಗೆ ತಕ್ಕಂತೆ ಬೆಳ್ಳಿಯ ಪುಟ್ಟ ಗೂಡು ಮಾಡಿ, ಹನಿಯನ್ನು ಕೂರಿಸಿ, ಒಂಟೆಮೂಳೆಯ ಮೊನೆಯಿಂದ ಅಂಚನ್ನು ತಣ್ಣಗೆ ಒತ್ತಿ ಮುಚ್ಚುತ್ತಿದ್ದಳು. ತೊಟ್ಟವಳ ಕೊರಳು ಬೆಚ್ಚಗಾದಾಗ ಸರ ಮೆಲ್ಲಗೆ ಕಂಪು ಬಿಡುತ್ತಿತ್ತು.

ಇದರಲ್ಲಿ ಒಂದು ಅಸಂಗತಿ ಇದೆಯೆಂದು ನಾನು ಅವಳಿಗೆ ತೋರಿಸಿಕೊಟ್ಟೆ. ಬೆಂಕಿಯಿಂದ ತಪ್ಪಿಸಿಕೊಳ್ಳಲು ಹೊರಟವಳು ಕೆಂಡಕ್ಕೆಂದೇ ಹುಟ್ಟಿದ ವಸ್ತುವನ್ನು ಆರಿಸುವುದೇ? ಅವಳು ಮೊನೆಯನ್ನು ಕೆಳಗಿಡದೆ ಉತ್ತರಿಸಿದಳು: "ಕೆಂಡಕ್ಕೆ ಹಾಕಿದ್ರೆ ತಾನೆ ಉರಿಯೋದು? ಕೊರಳಲ್ಲಿರೋದನ್ನ ಯಾರು ಕಿತ್ತು ಹಾಕ್ತಾರೆ?"

ರಾಜಧಾನಿಯವರು ಅವಳನ್ನು ಕಂಡುಹಿಡಿದರು. ಪ್ರದರ್ಶನಗಳಾದವು, ಪತ್ರಿಕೆಗಳಲ್ಲಿ ಚಿತ್ರಗಳು ಬಂದವು, ಅವಳು ಹೆಸರನ್ನು ಸರಿಯಾಗಿ ಉಚ್ಚರಿಸಲಾರದ ನಗರಗಳಿಂದ ಬೇಡಿಕೆ ಬಂತು. ಕೊಂಡವರು ಕೆಲವೇ ವರ್ಷಗಳಲ್ಲಿ ಹನಿ ಮಸುಕಾಗಿ ಪುಡಿ ಉದುರುತ್ತದೆಂದು ದೂರಿದಾಗ, ಪ್ರದರ್ಶನದ ಮೇಲ್ವಿಚಾರಕಿ ಒಂದು ತೆಳುಪದರ ವಾರ್ನಿಶ್ ಬಳಿಯಲು ಸಲಹೆ ಕೊಟ್ಟಳು. ವಾರ್ನಿಶ್ ಹೊಡೆದರೆ ಅದು ಬರೀ ಕಣ್ಣಿಗಾಗುತ್ತದೆ, ಮೂಗಿಗಲ್ಲ ಎಂದು ಹೇಳಿ ತುಫೂಲ್ ಪೆಟ್ಟಿಗೆ ಕಟ್ಟಿಕೊಂಡು ಬಂದಳು. ಹಾಗೆ ಹೊರಗಿನಿಂದ ಬಂದಾಗಲೆಲ್ಲ ಅವಳು ಮೊದಲು ಕೇಳುತ್ತಿದ್ದುದು ಒಂದನ್ನೇ: ಊರಿನಲ್ಲಿ ಯಾರದಾದರೂ ಮದುವೆ ಗೊತ್ತಾಗಿದೆಯೇ?

ಅವಳಿಗೆ ಬೇಕಾಗಿದ್ದುದು ಅಷ್ಟೇ. ಮಿರ್ಬಾತಿನ ಒಬ್ಬ ಮದುಮಗಳು ತನ್ನ ಕೈಕೆಲಸ ತೊಟ್ಟು ಹೆಂಗಸರ ನಡುವೆ ಕೂರಬೇಕು. ಹೊರಗಿನ ಹೊಗಳಿಕೆಯನ್ನು ಅವಳು ಹವಾಮಾನದ ಸುದ್ದಿಯಂತೆ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಇಲ್ಲಿ ಮದುಮಗಳೆಂದರೆ ನೆತ್ತಿಯಿಂದ ಸೊಂಟದವರೆಗೆ ಚಿನ್ನ. ದಂಡೆಯ ಚಿಪ್ಪು ಕಟ್ಟಿ ಮಗಳನ್ನು ಯಾರು ಕಳಿಸುತ್ತಾರೆ? ಒಬ್ಬ ತಾಯಿ ಮುಖಕ್ಕೇ ಹೇಳಿದಳು: "ನಾವು ಮೀನಿನವರು ಅಂತ ಗಂಡಿನ ಕಡೆಯವ್ರಿಗೆ ಗೊತ್ತು ಕಣೇ. ಕೊರಳಿಗೆ ಬೋರ್ಡು ಬೇರೆ ಯಾಕೆ?"

ಒಂದು ಈದ್ ಹಬ್ಬದಂದು ಹೆಂಗಸರೆಲ್ಲ ಕಾಫಿಗೆ ಸೇರಿದ್ದಾಗ ಅವಳು ಹೊಸ ಸರವೊಂದನ್ನು ತಂದು ತೋರಿಸಿದಳು. ಸರ ಕೈಯಿಂದ ಕೈಗೆ ದಾಟುತ್ತ ಕೋಣೆಯನ್ನು ಸುತ್ತಿ ಬಂತು. ವಾಪಸು ಬಂದಾಗ ಎರಡು ಗೂಡು ಖಾಲಿ; ಮೂಲೆಯಲ್ಲಿ ಇಬ್ಬರು ಮುದುಕಿಯರ ದವಡೆಗಳು ಆಡುತ್ತಿದ್ದವು. ನಮ್ಮಲ್ಲಿ ಒಳ್ಳೆಯ ಲೋಬಾನ ಕಂಡರೆ ಬಾಯಿಗೆ ಹಾಕಿಕೊಂಡು ಅಗಿಯುವುದು ಸಹಜ, ಅವರು ತಪ್ಪೆಂದು ಎಣಿಸಿಯೂ ಇರಲಿಲ್ಲ. "ಒಳ್ಳೇ ಮಾಲು. ಯಾವ ಕಣಿವೇದು?" ಎಂದು ಒಬ್ಬಳು ವಿಚಾರಿಸಿದಳು. ತುಫೂಲ್ ಕಣಿವೆಯ ಹೆಸರು ಹೇಳಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಬೈದಳು.

ಅವಳ ಅತ್ಯುತ್ತಮ ಕೃತಿಯನ್ನು ಊರಿನಲ್ಲಿ ತೊಟ್ಟವಳು ಒಬ್ಬಳೇ, ಅವಳೂ ಮದುಮಗಳಲ್ಲ. ಥುಮ್ನಾ ಅಜ್ಜಿ ಹಡಗು ನಡೆಸುತ್ತಿದ್ದ ನಾಖುದಾನ ವಿಧವೆ, ಬಾಯಿ ಹರಿತ. ಆ ಸರದಲ್ಲಿ ಚಿಪ್ಪಿನ ತುಣುಕುಗಳೂ ಲೋಬಾನದ ಹನಿಗಳೂ ಮೂರೆಳೆಯಾಗಿ, ಹಸಿರು ನೀಲಿಗೆ ತಿರುಗಿ ನೀಲಿ ಹಸಿರಿಗೆ ಮರಳುವಂತೆ ಹೆಣೆದುಕೊಂಡಿದ್ದವು. ಅಂಥದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಜ್ಜಿ ಅದನ್ನು ಒಮ್ಮೆ ಕೊರಳಿಗೆ ಹಿಡಿದು, "ಚಿನ್ನ ನನ್ನ ಮೈಮೇಲೆ ಬೇಕಾದಷ್ಟು ವರ್ಷ ಕೂತಿತ್ತು. ಒಂದಿನಾನೂ ಒಂದು ವಾಸನೆ ಕೊಡ್ಲಿಲ್ಲ, ಮುಂಡೇದು" ಎಂದು ಹೇಳಿ ತನ್ನದಾಗಿಸಿಕೊಂಡಳು. ಮೀನುಪೇಟೆಗೂ ಅದೇ, ಮಲಗುವಾಗಲೂ ಅದೇ. ತುಫೂಲ್ ಆಗಾಗ ಅಜ್ಜಿಯ ಆರೋಗ್ಯ ವಿಚಾರಿಸುವ ನೆಪದಲ್ಲಿ ಹೋಗಿ ಸರದ ಆರೋಗ್ಯ ನೋಡಿಕೊಂಡು ಬರುತ್ತಿದ್ದಳು. ಅಜ್ಜಿಗೆ ಅದು ಗೊತ್ತಿತ್ತು. "ಬಾ, ನಿನ್ನ ರೋಗಿ ಇಲ್ಲಿದೆ" ಎಂದು ಗದ್ದ ಎತ್ತಿ ತೋರಿಸುತ್ತಿದ್ದಳು.

ರಾಜಧಾನಿಯ ಒಂದು ವಸ್ತುಸಂಗ್ರಹಾಲಯದವರು ಆ ಸರವೇ ಬೇಕೆಂದು ಬಂದರು. ಕೊರಳು ಸಮೇತ ಬೇಕೇನಪ್ಪ ಎಂದು ಅಜ್ಜಿ ಕೇಳಿದಳು. ಕೊನೆಗೆ, ತಾನು ಸತ್ತ ಮೇಲೆ ಮಗಳನ್ನು ವಿಚಾರಿಸಿಕೊಳ್ಳಿ ಎಂದು ಸಾಗಹಾಕಿದಳು. ಅಂದಿನಿಂದ ತುಫೂಲಳ ಮನಸ್ಸಿನಲ್ಲಿ ಆ ಸರ ಗಾಜಿನ ಹಿಂದೆ ಹೋಗಿ ಕೂತಿತ್ತು. ಅಲ್ಲಿ ಯಾವ ಮೂಸೆಯೂ ಅದನ್ನು ಮುಟ್ಟುವಂತಿರಲಿಲ್ಲ.

ಮಳೆಗಾಲದ ಮಂಜು ಬೆಟ್ಟದಿಂದ ಇಳಿದು, ಸಮುದ್ರದ ಅಬ್ಬರ ಇನ್ನೇನು ತಗ್ಗುವ ಹೊತ್ತಿಗೆ ಥುಮ್ನಾ ಅಜ್ಜಿ ತೀರಿಕೊಂಡಳು. ಶೋಕದ ದಿನಗಳು ಕಳೆದ ಮೇಲೆ ಅವಳ ಮಗಳು ಗಜಾಲಾ ಅಂಗಡಿಗೆ ಬಂದಳು. ನಾನು ಅಲ್ಲಿಯೇ ಚಹಾ ಕುಡಿಯುತ್ತ ಕೂತಿದ್ದೆ. ಅವಳು ಕರವಸ್ತ್ರ ಬಿಚ್ಚಿದಳು. ಚಿಪ್ಪುಗಳೆಲ್ಲ ಇದ್ದವು, ಬೆಳ್ಳಿಯ ಗೂಡುಗಳೆಲ್ಲ ಬಾಯ್ದೆರೆದು ಖಾಲಿಯಾಗಿದ್ದವು.

"ಹನಿ ಎಲ್ಲಿ?" ಎಂದಳು ತುಫೂಲ್.

"ಅಮ್ಮನಿಗೆ ಹೊದಿಸೋ ಕಫನಿನ ಬಟ್ಟೆಗೆ ಹೊಗೆ ಹಾಕಿದ್ವಿ. ಅಂಗಡಿ ಲೋಬಾನ ತರಬೇಡಿ, ನನ್ನ ಕೊರಳಿಂದ್ಲೇ ತೆಗೀರಿ ಅಂತ ಅಮ್ಮ ಹೇಳಿದ್ಲು." ಗಜಾಲಾ ಕರವಸ್ತ್ರದ ಮಡಿಕೆಯನ್ನು ಬೆರಳಿನಿಂದ ಸರಿಪಡಿಸಿದಳು. "ನನ್ನ ಮಗಳು ಮುಜ್ನಾದು ಮದುವೆ ಗೊತ್ತಾಯ್ತು. ಚಿನ್ನದ ಜೊತೆ ಅಜ್ಜಿ ಥರದ್ದೇ ಸರ ಬೇಕು ಅಂತ ಕೂತಿದಾಳೆ. ಸತ್ತೋರದ್ದು ಹಾಗೇ ಹಾಕೋ ಹಾಗಿಲ್ವಲ್ಲ. ಕರಗಿಸಿ ಹೊಸದು ಮಾಡ್ಕೊಡು ಅಕ್ಕಾ."

ಎಷ್ಟೋ ವರ್ಷ ಕಾದಿದ್ದ ಮಾತು ಅದು. ಬಂದದ್ದು ಹೀಗೆ. ತುಫೂಲ್ ಕರವಸ್ತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, ಇದನ್ನು ಹೀಗೆಯೇ ರಾಜಧಾನಿಗೆ ಕೊಡಬಹುದು, ಖಾಲಿ ಗೂಡುಗಳಿಗೆ ತಾನು ಹನಿ ಕೂರಿಸಿಕೊಡುತ್ತೇನೆ, ಮುಜ್ನಾಗೆ ಬೇರೆ ಬೆಳ್ಳಿಯಲ್ಲಿ ಮಾಡೋಣ ಎಂದಳು. ಗಜಾಲಾಳಿಗೆ ಇದು ಅರ್ಥವೇ ಆಗಲಿಲ್ಲ. ಬೇರೆ ಬೆಳ್ಳಿಯಾದರೆ ಅದು ಅಜ್ಜಿಯಿಂದ ಬಂದದ್ದು ಹೇಗಾದೀತು?

"ಅಲ್ಲಿ ಗಾಜಿನೊಳಗೆ ಯಾರು ಮದುವೆ ಆಗ್ತಾರೆ?" ಎಂದು ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ.

ನಾನು ವಸ್ತುಸಂಗ್ರಹಾಲಯದ ಪರವಾಗಿ ಮಾತಾಡಿದೆ. ಬೇರೆ ಬೆಳ್ಳಿ ಬೇಕಾದಷ್ಟು ಸಿಗುತ್ತದೆ, ಈ ಹೆಣಿಗೆ ಇನ್ನೊಮ್ಮೆ ಬರುವುದಿಲ್ಲ ಎಂದೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಇಂದಿಗೂ ಹಾಗೆಯೇ ತಿಳಿದಿದ್ದೇನೆ. ತುಫೂಲ್ ಕೇಳಿಸಿಕೊಂಡಳು. ಸರವನ್ನೆತ್ತಿ ಒಂದೊಂದೇ ಖಾಲಿ ಗೂಡನ್ನು ಮೂಗಿನ ಬಳಿ ಹಿಡಿದಳು, ಯಾವುದನ್ನೂ ಬಿಡದೆ. ಆಮೇಲೆ ಚಿಪ್ಪುಗಳನ್ನು ಬಿಡಿಸಿ ಬೇರೆ ಇಟ್ಟಳು, ಮದುವೆ ಯಾವಾಗ ಎಂದು ಕೇಳಿದಳು, ತಿದಿಯ ಮುಂದೆ ಕೂತಳು. ಅತ್ತಳೆಂದು ಬರೆದರೆ ಸುಳ್ಳಾಗುತ್ತದೆ. ಮೂಸೆಯಲ್ಲಿ ಮೂರೆಳೆಯೂ ಒಂದರ ಮೇಲೊಂದು ಒರಗಿ, ಕುಸಿದು, ದುಂಡಗಿನ ಒಂದು ಹೊಳಪಾದವು. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಮದುವೆ ಚಳಿಗಾಲದಲ್ಲಾಯಿತು. ಹೊಸ ಹನಿ ಒಸರುವ ಕಾಲ ಅದಲ್ಲವಾದ್ದರಿಂದ ಅವಳು ಕೈಯಲ್ಲಿದ್ದ ಹನಿಗಳಲ್ಲೇ ಆರಿಸಬೇಕಾಯಿತು. ಸತ್ತವಳ ಚಿಪ್ಪನ್ನು ಹಾಗೆಯೇ ಮತ್ತೆ ಕಟ್ಟುವಂತಿರಲಿಲ್ಲ, ಆ ವರ್ಷದ ಚಿಪ್ಪಿನ ಬಣ್ಣವೂ ಬಡವಾಗಿತ್ತು. ಹೊಸ ಸರ ಚೆನ್ನಾಗಿತ್ತು, ಹಳೆಯದರಷ್ಟು ಚೆನ್ನಾಗಿರಲಿಲ್ಲ. ಇದು ನನಗೂ ಗೊತ್ತಿತ್ತು, ಅವಳಿಗೂ. ಹೆಂಗಸರ ಚಪ್ಪರದಲ್ಲಿ ಮುಜ್ನಾ ಹಸಿರು ಮುಸುಕಿನಡಿ, ಎದೆ ತುಂಬ ಚಿನ್ನ ಹೊತ್ತು ಕೂತಿದ್ದಳು. ಎಲ್ಲಕ್ಕಿಂತ ಮೇಲೆ, ಕೊರಳಿಗೆ ಅಂಟಿಕೊಂಡು, ತುಫೂಲಳ ಸರ. ಯಾರೂ ಅದನ್ನು ಹೊಗಳಲಿಲ್ಲ, ಯಾರೂ ಅದೇನೆಂದು ಕೇಳಲಿಲ್ಲ. ಮದುಮಗಳ ಕೊರಳಿನಲ್ಲಿ ಇರಬೇಕಾದದ್ದು ಇದೆ ಎಂಬಂತೆ ಕಣ್ಣು ಹಾಯಿಸಿ ಊಟದ ತಟ್ಟೆಗಳ ಕಡೆ ತಿರುಗಿದರು. ತುಫೂಲ್ ಕಾಫಿಯ ಹೂಜಿಗಳ ಪಕ್ಕ ನಿಂತಿದ್ದಳು. ಗಜಾಲಾ ಹಾದುಹೋಗುತ್ತ, ನೋಡಿದೆಯಾ ಎಂದು ಕೇಳಿದಳು. ನೋಡಿದೆ ಎಂದಳು ತುಫೂಲ್.

ಮರಳುವಾಗ ದಾರಿಯಲ್ಲಿ ಅವಳು ಕೇಳಿದಳು: "ಮೊದಲಿನದ್ದು ಹೇಗಿತ್ತು ಅಂತ ನಿಮಗೆ ನೆನಪಿದೆ ತಾನೇ ಅಬ್ಲಾ?"

ಇದೆ ಎಂದೆ.

"ಎಳೆ ಎಳೆಯಾಗಿ?"

ಎಳೆ ಎಳೆಯಾಗಿ ಇಲ್ಲ ಎಂದೆ. ಸುಳ್ಳು ಹೇಳಿ ಅವಳನ್ನು ಸಮಾಧಾನಪಡಿಸುವ ಅಭ್ಯಾಸ ನನಗೆ ಶಾಲೆಯ ದಿನಗಳಲ್ಲೂ ಇರಲಿಲ್ಲ. ಅವಳು ತಲೆಯಾಡಿಸಿದಳು. ತನಗೂ ಈಚೆಗೆ ನಡುವಿನ ಎಳೆ ತಪ್ಪುತ್ತಿದೆ ಎಂದಳು.

ಕೈಯಿಂದ ಚೆಲುವನ್ನು ಹುಟ್ಟಿಸುವವರಲ್ಲಿ ಒಂದು ಬಗೆಯವರಿದ್ದಾರೆ, ಲೋಕವೆಲ್ಲ ಮೆಚ್ಚಿದರೂ ತಮ್ಮ ಓಣಿಯ ನಾಲ್ಕು ಮನೆಗಳು ತಮ್ಮನ್ನು ಕರೆಯಲೆಂದು ಕಾಯುವವರು. ದೂರದವರು ಅವರ ಕೆಲಸಕ್ಕೆ ಬಾಳಿಕೆ ಕೊಡಬಲ್ಲರು, ಗಾಜು, ದೀಪ, ಹೆಸರಿನ ಚೀಟಿ ಕೊಡಬಲ್ಲರು. ಹತ್ತಿರದವರು ಕೊಡಬಲ್ಲದ್ದು ಬಳಕೆಯನ್ನು ಮಾತ್ರ. ಬಳಸುವವರು ಸವೆಸುತ್ತಾರೆ, ಸುಡುತ್ತಾರೆ, ಕರಗಿಸುತ್ತಾರೆ, ಅದೇ ಅವರಿಗೆ ಗೊತ್ತಿರುವ ಆದರ. ಎರಡನ್ನೂ ಪಡೆದವರನ್ನು ನಾನು ಕಂಡಿಲ್ಲ. ತಮ್ಮವರ ಆದರವನ್ನು ಆರಿಸಿಕೊಂಡವರಿಗೆ ತಾವು ಮಾಡಿದ್ದರಲ್ಲಿ ಶ್ರೇಷ್ಠವಾದದ್ದನ್ನು ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಇಲ್ಲದ ವಸ್ತುವಿಗಾಗಿ ಅವರು ಜೀವನವಿಡೀ ಹಂಬಲಿಸುತ್ತಾರೆ, ಮತ್ತು ಬೆಳಗಾದರೆ ಅದರಷ್ಟು ಚೆನ್ನಾಗಿರದ ಇನ್ನೊಂದನ್ನು ಮಾಡಲು ಕೂರುತ್ತಾರೆ.